ನಾಲಿಗೆ ತಪ್ಪಿದರೆ ಮತ ತಪ್ಪುತ್ತದೆಯೇ?

2018ರ ಮಾರ್ಚ್ 27. ಕರ್ನಾಟಕ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾದ ದಿನ. ದಾವಣಗೆರೆಯ ಪತ್ರಿಕಾಗೋಷ್ಠಿಯಲ್ಲಿ ಬಿಜೆಪಿಯ ಅಂದಿನ ರಾಷ್ಟ್ರೀಯ ಅಧ್ಯಕ್ಷ ಅಮಿತ್ ಶಾ, ಭ್ರಷ್ಟಾಚಾರದಲ್ಲಿ ಸ್ಪರ್ಧೆ ಏರ್ಪಡಿಸಿದರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಎಂದುಬಿಟ್ಟರು. ಪಕ್ಕದಲ್ಲೇ ಕುಳಿತಿದ್ದವರು ಯಡಿಯೂರಪ್ಪ, ಅವರದೇ ಪಕ್ಷದ ಮುಖ್ಯಮಂತ್ರಿ ಅಭ್ಯರ್ಥಿ. ಶಾ ಹೇಳಹೊರಟಿದ್ದು ಅಂದಿನ ಕಾಂಗ್ರೆಸ್ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರು. ಜೊತೆಗಿದ್ದವರು ಎಚ್ಚರಿಸಿದ ಕೂಡಲೇ ತಿದ್ದಿಕೊಂಡರು. ಆದರೂ ಆ ತುಣುಕನ್ನು ಕಾಂಗ್ರೆಸ್ ಅಂದೇ ಜಾಲತಾಣಗಳಲ್ಲಿ ಹರಿಯಬಿಟ್ಟಿತು. ಕೆಲವೇ ದಿನಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸಭೆಯೊಂದರಲ್ಲಿ ಶಾ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತರುತ್ತಿದ್ದ ಪ್ರಹ್ಲಾದ ಜೋಶಿ ಅವರ ಬಾಯಲ್ಲೂ ಮಾತು ತಿರುಗಾಮುರುಗಾ ಆಯಿತು. ಮೇ 15ರಂದು ಮತ ಎಣಿಕೆ ಮುಗಿದಾಗ ಬಿಜೆಪಿ 40 ಸ್ಥಾನಗಳಿಂದ 104ಕ್ಕೆ ಏರಿತ್ತು.

ಅದೇ ಚುನಾವಣೆಯಲ್ಲಿ ರಾಹುಲ್ ಗಾಂಧಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಲು ತಡವರಿಸಿದರು. ಮೇ 1ರಂದು ಸಂತೇಮರಹಳ್ಳಿಯ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ, ಕಾಗದ ನೋಡದೆ ಹದಿನೈದು ನಿಮಿಷ ಮಾತಾಡಿ, ನಡುವೆ ವಿಶ್ವೇಶ್ವರಯ್ಯ ಎಂದು ಐದು ಸಲ ಹೇಳಿ ಎಂದು ಅವರಿಗೆ ಸವಾಲೆಸೆದರು. ಜನ ನಕ್ಕರು. ಆದರೆ ವಿಶ್ವೇಶ್ವರಯ್ಯನವರನ್ನು ದಿನವೂ ನೆನೆಯುವ ಮಂಡ್ಯ ಜಿಲ್ಲೆಯಲ್ಲಿ ಏಳಕ್ಕೆ ಏಳೂ ಸ್ಥಾನ ಹೋಗಿದ್ದು ಜೆಡಿಎಸ್‌ಗೆ. ತಡವರಿಸಿದವರ ಪಕ್ಷಕ್ಕೂ ಇಲ್ಲ, ಹಂಗಿಸಿದವರ ಪಕ್ಷಕ್ಕೂ ಇಲ್ಲ.

ಹೆಸರು ತಪ್ಪುವುದು, ಅಂಕಿ ತಪ್ಪುವುದು, ವಾಕ್ಯ ತಿರುಗಿ ಬೀಳುವುದು, ಇವು ಮತದಾರನಿಗೆ ಹೊಸದೇನನ್ನೂ ತಿಳಿಸುವುದಿಲ್ಲ. ಯಡಿಯೂರಪ್ಪನವರ ಮೇಲಿನ ಆರೋಪಗಳು 2011ರಿಂದಲೇ ಜನರಿಗೆ ಗೊತ್ತಿದ್ದವು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿದ್ದೂ ಗೊತ್ತಿತ್ತು. ಈ ಬಗ್ಗೆ ನಿಲುವು ತಳೆಯಬೇಕಾದವರು ಮೊದಲೇ ತಳೆದಿದ್ದರು. ಟಿವಿ ವಾಹಿನಿಗಳು ಇಂಥ ತುಣುಕುಗಳಿಗೆ ಇಡೀ ಸಂಜೆ ಮೀಸಲಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆ ಹೊತ್ತಿನಲ್ಲಿ ಕೇಳಬೇಕಾದ ಎಷ್ಟೋ ಪ್ರಶ್ನೆಗಳು ಹಾಗೇ ಉಳಿದುಹೋಗುತ್ತವೆ.

ಎದುರಾಳಿಯನ್ನು ಬೈದರೆ ಏನಾಗುತ್ತದೆ? ಇಲ್ಲಿ ಬಲವಾದ ನಂಬಿಕೆಯೊಂದಿದೆ: ಬೈಸಿಕೊಂಡವನಿಗೇ ಲಾಭ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2007ರ ಗುಜರಾತ್. ಆ ಡಿಸೆಂಬರಿನಲ್ಲಿ ಸೋನಿಯಾ ಗಾಂಧಿ ಅಲ್ಲಿನ ಆಡಳಿತ ನಡೆಸುವವರನ್ನು ಸಾವಿನ ವ್ಯಾಪಾರಿಗಳು ಎಂದರು, ಮೋದಿ ಅದನ್ನು ಪ್ರತಿ ಸಭೆಯಲ್ಲೂ ಎತ್ತಿಕೊಂಡರು, ಗೆದ್ದರು. ಆ ಒಂದು ಮಾತೇ ಕಾಂಗ್ರೆಸ್ಸನ್ನು ಮುಳುಗಿಸಿತು ಎಂದು ಇಂದಿಗೂ ಬರೆಯುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. 2002ರಲ್ಲಿ ಬಿಜೆಪಿಗೆ ಬಂದಿದ್ದು 182ರಲ್ಲಿ 127 ಸ್ಥಾನ. 2007ರಲ್ಲಿ ಬಂದಿದ್ದು 117. ಅಂದರೆ ಆ ಮಾತಿನ ನಂತರ ಪಕ್ಷ ಗೆದ್ದಿದ್ದು ನಿಜ, ಏರಿದ್ದು ಸುಳ್ಳು. ಹತ್ತು ವರ್ಷಗಳ ಮೇಲೆ, 2017ರ ಡಿಸೆಂಬರ್ 7ರಂದು, ಗುಜರಾತಿನ ಮೊದಲ ಹಂತದ ಮತದಾನಕ್ಕೆ ಎರಡೇ ದಿನ ಇರುವಾಗ ಮಣಿಶಂಕರ್ ಅಯ್ಯರ್ ಮೋದಿಯವರನ್ನು ನೀಚ ಬಗೆಯ ವ್ಯಕ್ತಿ ಎಂದರು. ಅಂದು ಸಂಜೆಯೇ ಕಾಂಗ್ರೆಸ್ ಅವರನ್ನು ಅಮಾನತು ಮಾಡಿತು. ಆ ಬಾರಿ ಬಿಜೆಪಿ 115ರಿಂದ 99ಕ್ಕೆ ಇಳಿಯಿತು, ಕಾಂಗ್ರೆಸ್ 61ರಿಂದ 77ಕ್ಕೆ ಏರಿತು. ಅಯ್ಯರ್ ಸುಮ್ಮನಿದ್ದಿದ್ದರೆ ಕಾಂಗ್ರೆಸ್ ಇನ್ನಷ್ಟು ಗೆಲ್ಲುತ್ತಿತ್ತು ಎಂದು ವಾದಿಸಬಹುದು, ಆದರೆ ಆ ವಾದವನ್ನು ಸಾಬೀತು ಮಾಡುವ ದಾರಿ ಯಾರ ಬಳಿಯೂ ಇಲ್ಲ.

ಬೈಗುಳವನ್ನು ಬಿರುದಾಗಿ ತಿರುಗಿಸುವ ಕಲೆಯಲ್ಲಿ ಮೋದಿಯವರ ಪ್ರಚಾರ ತಂಡ ಪಳಗಿದೆ. 2014ರ ಜನವರಿಯಲ್ಲಿ ಇದೇ ಅಯ್ಯರ್, ಮೋದಿ ಪ್ರಧಾನಿಯಾಗುವುದಿಲ್ಲ, ಬೇಕಾದರೆ ಚಹಾ ಹಂಚಲು ಜಾಗ ಕೊಡೋಣ ಎಂದರು. ಮುಂದಿನ ತಿಂಗಳೇ ‘ಚಾಯ್ ಪೇ ಚರ್ಚಾ’ ಶುರುವಾಯಿತು. 2019ರಲ್ಲಿ ಕಾವಲುಗಾರನೇ ಕಳ್ಳ ಎಂದು ರಾಹುಲ್ ಹೇಳಿದ್ದಕ್ಕೆ ‘ನಾನೂ ಚೌಕಿದಾರ’ ಬಂತು. 2024ರ ಮಾರ್ಚ್ 3ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಲಾಲು ಪ್ರಸಾದ್, ಮೋದಿಗೆ ಸ್ವಂತ ಕುಟುಂಬ ಇಲ್ಲದಿದ್ದರೆ ಯಾರೇನು ಮಾಡಲಿಕ್ಕಾಗುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಮರುದಿನವೇ ಬಿಜೆಪಿ ನಾಯಕರೆಲ್ಲ ಜಾಲತಾಣದಲ್ಲಿ ತಮ್ಮ ಹೆಸರಿನ ಮುಂದೆ ‘ಮೋದಿಯ ಪರಿವಾರ’ ಎಂದು ಬರೆದುಕೊಂಡರು. ಮೂರು ಸಲವೂ ತಂತ್ರ ಒಂದೇ, ಅಷ್ಟೇ ಚುರುಕು. ಲೋಕಸಭೆಯಲ್ಲಿ ಬಿಜೆಪಿಗೆ ಬಂದ ಸ್ಥಾನ ಮೊದಲು 282, ಆಮೇಲೆ 303, ಮೂರನೆಯ ಸಲ 240. ತಿರುಗಿಸಿದ ಬೈಗುಳ ಕಾರ್ಯಕರ್ತರಿಗೆ ಹುರುಪು ಕೊಡುತ್ತದೆ, ನಾಲ್ಕು ದಿನ ಸುದ್ದಿಯ ಚುಕ್ಕಾಣಿಯನ್ನು ಕೈಗೆ ಕೊಡುತ್ತದೆ. ಗಾಳಿ ಅನುಕೂಲವಾಗಿದ್ದಾಗ ಮಾತ್ರ ಅದು ಗೆಲುವಿನ ಕಾರಣದಂತೆ ಕಾಣುತ್ತದೆ.

ನಮ್ಮ ರಾಜ್ಯದ 2023ರ ಚುನಾವಣೆಯೂ ಇದನ್ನೇ ಹೇಳುತ್ತದೆ. ಮತದಾನಕ್ಕೆ ಎರಡು ವಾರ ಇರುವಾಗ, ಏಪ್ರಿಲ್ 27ರಂದು, ಮಲ್ಲಿಕಾರ್ಜುನ ಖರ್ಗೆ ಮೋದಿಯವರನ್ನು ವಿಷಸರ್ಪಕ್ಕೆ ಹೋಲಿಸಿದರು. ನಾನು ಹೇಳಿದ್ದು ವ್ಯಕ್ತಿಯನ್ನಲ್ಲ, ಆ ಪಕ್ಷದ ಸಿದ್ಧಾಂತವನ್ನು ಎಂದು ಬಳಿಕ ಸ್ಪಷ್ಟನೆ ಕೊಟ್ಟರು. ಹುಮನಾಬಾದಿನಲ್ಲಿ ಮೋದಿ, ಕಾಂಗ್ರೆಸ್ ತಮ್ಮನ್ನು 91 ಸಲ ನಿಂದಿಸಿದೆ ಎಂದು ಲೆಕ್ಕ ಕೊಟ್ಟರು. ಕೋಲಾರದಲ್ಲಿ, ಹಾವು ಇರುವುದು ಶಿವನ ಕೊರಳಲ್ಲಿ, ನನಗೆ ಜನರೇ ಶಿವ ಎಂದರು. ಚುರುಕಾದ ಉತ್ತರ. ಫಲಿತಾಂಶ ಬಂದಾಗ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಬಿಜೆಪಿಯ ಮತಪ್ರಮಾಣ 2018ರಲ್ಲೂ 2023ರಲ್ಲೂ ಶೇಕಡ 36ರ ಆಸುಪಾಸಿನಲ್ಲೇ ಇತ್ತು. ಹಾವಿನ ಮಾತಿಗೆ ಸಿಟ್ಟಾದವರು ಮೊದಲೇ ಬಿಜೆಪಿಯವರು. ಚಪ್ಪಾಳೆ ತಟ್ಟಿದವರು ಮೊದಲೇ ಕಾಂಗ್ರೆಸ್ಸಿನವರು.

ಹಾಗಾದರೆ ನಿಜವಾಗಿ ಪೆಟ್ಟು ಕೊಡುವ ಮಾತು ಯಾವುದು? ಮತದಾರನ ಬದುಕನ್ನೇ ಮುಟ್ಟುವ ಮಾತು. ನಾಯಕ ಇನ್ನೊಬ್ಬ ನಾಯಕನನ್ನು ಬೈದರೆ ಜನ ನೋಡುತ್ತಾ ನಿಲ್ಲುತ್ತಾರೆ. ತಮ್ಮ ಕೈಯಲ್ಲಿರುವ ಏನನ್ನೋ ಕಿತ್ತುಕೊಳ್ಳುತ್ತಾರೆ ಎಂಬ ಅಳುಕನ್ನು ಅದೇ ಮಾತು ಖಚಿತಪಡಿಸಿದರೆ ಅವರು ನೋಡುತ್ತಾ ನಿಲ್ಲುವುದಿಲ್ಲ.

2015ರ ಬಿಹಾರ ಇದಕ್ಕೆ ಮೊದಲ ಸಾಕ್ಷಿ. ಆ ಸೆಪ್ಟೆಂಬರಿನಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್ ಸಂದರ್ಶನವೊಂದರಲ್ಲಿ ಮೀಸಲಾತಿಯ ಪರಾಮರ್ಶೆ ಆಗಬೇಕು ಎಂದರು. ಅವರು ಅಭ್ಯರ್ಥಿಯಲ್ಲ, ಬಿಹಾರದಲ್ಲಿ ಮತ ಕೇಳುತ್ತಿದ್ದವರೂ ಅಲ್ಲ. ಲಾಲು ಆ ಒಂದು ವಾಕ್ಯವನ್ನು ಹಿಡಿದು ಹಳ್ಳಿಹಳ್ಳಿಗೆ ಹೋದರು. ಮೀಸಲಾತಿಗೆ ಧಕ್ಕೆಯಿಲ್ಲ ಎಂದು ಬಿಜೆಪಿ ಎಷ್ಟು ಸಲ ಹೇಳಿದರೂ, ಪ್ರತಿ ನಿರಾಕರಣೆಯೂ ಆ ಮಾತನ್ನು ಮತ್ತೊಮ್ಮೆ ನೆನಪಿಸುತ್ತಿತ್ತು. 243 ಸ್ಥಾನಗಳಲ್ಲಿ ಮಹಾಮೈತ್ರಿಕೂಟಕ್ಕೆ 178, ಎನ್‌ಡಿಎಗೆ 58. ನಿತೀಶ್, ಲಾಲು, ಕಾಂಗ್ರೆಸ್ ಒಂದಾಗಿದ್ದ ಜಾತಿ ಲೆಕ್ಕಾಚಾರವೇ ದೊಡ್ಡ ಕಾರಣ, ಅದನ್ನು ಮರೆಯಬಾರದು. ಆ ಕೂಟವನ್ನು ಮತಗಟ್ಟೆಯವರೆಗೂ ಒಟ್ಟಾಗಿ ಇರಿಸಲು ಭಾಗವತರ ವಾಕ್ಯ ನೆರವಾಯಿತು ಎಂಬುದು ನನ್ನ ಅಂದಾಜು.

ಎರಡನೆಯ ಸಾಕ್ಷಿಗೆ ಕರ್ನಾಟಕದ ನಂಟಿದೆ. 2024ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಅಂದಿನ ಸಂಸದ ಅನಂತಕುಮಾರ ಹೆಗಡೆ, ಸಂವಿಧಾನ ತಿದ್ದಬೇಕಾದರೆ 400ಕ್ಕೂ ಹೆಚ್ಚು ಸ್ಥಾನ ಬೇಕು ಎಂದರು. ‘ನಾನೂರರಾಚೆ’ ಎಂಬುದು ಆಗ ಬಿಜೆಪಿಯ ಘೋಷಣೆಯೇ ಆಗಿತ್ತು. ಅಲ್ಲಿಯವರೆಗೆ ಅದು ಬರೀ ಒಂದು ಅಂಕಿ. ಹೆಗಡೆಯವರ ಮಾತು ಆ ಅಂಕಿಗೆ ಒಂದು ಉದ್ದೇಶವನ್ನು ಅಂಟಿಸಿತು. ಪಕ್ಷ ಅದನ್ನು ವೈಯಕ್ತಿಕ ಅಭಿಪ್ರಾಯ ಎಂದಿತು, ಅವರಿಗೆ ಟಿಕೆಟ್ ಕೊಡಲಿಲ್ಲ. ಆದರೆ ಫೈಜಾಬಾದಿನ ಸಂಸದ ಲಲ್ಲು ಸಿಂಗ್ ಅಂಥದ್ದೇ ಮಾತಾಡಿದರು, ರಾಜಸ್ಥಾನದ ನಾಗೌರ್ ಅಭ್ಯರ್ಥಿ ಜ್ಯೋತಿ ಮಿರ್ಧಾ ಕೂಡ. ಒಬ್ಬರು ಹೇಳಿದರೆ ಬಾಯಿ ತಪ್ಪಿದ್ದು ಎನ್ನಬಹುದು, ಮೂರು ರಾಜ್ಯಗಳ ಮೂವರು ಹೇಳಿದಾಗ ಒಳಗಿನ ಮಾತು ಹೊರಬಿತ್ತು ಎಂದೇ ಜನ ಓದಿಕೊಳ್ಳುತ್ತಾರೆ. ಅಂಬೇಡ್ಕರ್ ಅವರೇ ಬಂದರೂ ಈಗ ಸಂವಿಧಾನವನ್ನು ಇಲ್ಲವಾಗಿಸಲು ಆಗದು ಎಂದು ಮೋದಿ ಸಭೆಗಳಲ್ಲಿ ಹೇಳಬೇಕಾಯಿತು. ರಾಹುಲ್ ಸಂವಿಧಾನದ ಕೆಂಪು ಹೊದಿಕೆಯ ಕಿರು ಪ್ರತಿಯನ್ನು ಕೈಯಲ್ಲಿ ಹಿಡಿದು ಊರೂರು ತಿರುಗಿದರು.

ಫಲಿತಾಂಶ ನೋಡಿ. ಮಾತು ಹುಟ್ಟಿದ ಉತ್ತರ ಕನ್ನಡದಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಯೋಧ್ಯೆಯನ್ನು ಒಳಗೊಂಡ ಫೈಜಾಬಾದಿನಲ್ಲಿ, ಸಾಮಾನ್ಯ ಕ್ಷೇತ್ರದಲ್ಲಿ, ಸಮಾಜವಾದಿ ಪಕ್ಷದ ದಲಿತ ನಾಯಕ ಅವಧೇಶ್ ಪ್ರಸಾದ್ ಅವರ ಎದುರು ಲಲ್ಲು ಸಿಂಗ್ 54 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮಿರ್ಧಾ ಅವರೂ ಸೋತರು. ಉತ್ತರ ಪ್ರದೇಶದಲ್ಲಿ ಬಿಜೆಪಿ 62ರಿಂದ 33ಕ್ಕೆ ಇಳಿಯಿತು. ನೇಮಕಾತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆ, ನಿರುದ್ಯೋಗ, ಸಮಾಜವಾದಿ ಪಕ್ಷದ ನಾಯಕ ಅಖಿಲೇಶ್ ಯಾದವ್ ಅವರ ಟಿಕೆಟ್ ಹಂಚಿಕೆ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಮೀಸಲಾತಿಯಿಂದ ಮನೆಗೆ ಮೊದಲ ಸರ್ಕಾರಿ ಸಂಬಳ ಬಂದ ಕುಟುಂಬಕ್ಕೆ ಸಂವಿಧಾನ ತಿದ್ದುವ ಮಾತು ಹೇಗೆ ಕೇಳಿಸಿರಬಹುದು ಎಂದು ಯೋಚಿಸಿ. ಅವರ ಅಳುಕನ್ನು ವಿರೋಧ ಪಕ್ಷದ ಅಪಪ್ರಚಾರ ಎಂದು ತಳ್ಳಿಹಾಕುವುದು ಅನ್ಯಾಯ.

ಹೀಗೆ ಹತ್ತು ಕಾರಣಗಳು ಹೆಣೆದುಕೊಂಡಿರುವಾಗ ಒಂದು ಮಾತಿನ ಪಾಲನ್ನು ಬೇರ್ಪಡಿಸುವುದು ಕಷ್ಟ. ಅದಕ್ಕೇ ಅಮೆರಿಕದ ಮಿಸೌರಿ ರಾಜ್ಯದ 2012ರ ಪ್ರಕರಣ ಅಮೂಲ್ಯ. ಸೆನೆಟ್‌ಗೆ ನಿಂತಿದ್ದ ರಿಪಬ್ಲಿಕನ್ ಟಾಡ್ ಏಕಿನ್ ಸಮೀಕ್ಷೆಗಳಲ್ಲಿ ಮುಂದಿದ್ದರು. ಆಗಸ್ಟ್ 19ರಂದು ಪ್ರಸಾರವಾದ ಟಿವಿ ಸಂದರ್ಶನದಲ್ಲಿ ಅವರು, ‘ನ್ಯಾಯಸಮ್ಮತ’ ಅತ್ಯಾಚಾರವಾದರೆ ಗರ್ಭ ನಿಲ್ಲದಂತೆ ಹೆಣ್ಣಿನ ದೇಹವೇ ತಡೆಯುತ್ತದೆ ಎಂಬರ್ಥದ ಮಾತಾಡಿದರು. ವೈದ್ಯಕೀಯವಾಗಿ ಸುಳ್ಳು, ಸಂತ್ರಸ್ತೆಯರಿಗೆ ಕ್ರೂರ. ಅವರ ಪಕ್ಷದವರೇ ಕಣದಿಂದ ಹಿಂದೆ ಸರಿಯಿರಿ ಎಂದರೂ ಕೇಳಲಿಲ್ಲ. ನವೆಂಬರಿನಲ್ಲಿ ಅದೇ ರಾಜ್ಯದ ಅದೇ ಮತದಾರರು, ಅದೇ ದಿನ, ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಮಿಟ್ ರಾಮ್ನಿಗೆ ಸುಮಾರು ಶೇಕಡ 9ರ ಮುನ್ನಡೆ ಕೊಟ್ಟರು, ಏಕಿನ್ ಅವರನ್ನು ಶೇಕಡ 15ಕ್ಕೂ ಹೆಚ್ಚು ಅಂತರದಿಂದ ಸೋಲಿಸಿದರು. ಪಕ್ಷ ಒಂದೇ, ಊರು ಒಂದೇ, ದಿನ ಒಂದೇ. ಇಷ್ಟು ನಿಚ್ಚಳವಾಗಿ ಮಾತಿನ ಬೆಲೆ ಕಾಣಿಸುವ ಚುನಾವಣೆ ಅಪರೂಪ.

ರಾಮ್ನಿಯವರದೂ ಅದೇ ವರ್ಷ ಒಂದು ಪ್ರಕರಣವಿತ್ತು. ದೇಣಿಗೆದಾರರ ಖಾಸಗಿ ಕೂಟದಲ್ಲಿ, ಸರ್ಕಾರವನ್ನೇ ನೆಚ್ಚಿ ಕೂತ ಶೇಕಡ 47 ಜನ ತಮಗೆ ಮತ ಹಾಕುವುದಿಲ್ಲ ಎಂದಿದ್ದರು. ರಹಸ್ಯ ವಿಡಿಯೊ ಸೆಪ್ಟೆಂಬರಿನಲ್ಲಿ ಹೊರಬಂತು. ಅದೇ ಅವರನ್ನು ಮುಗಿಸಿತು ಎಂದು ಪತ್ರಿಕೆಗಳು ಬರೆದವು. ಆ ಚುನಾವಣೆಯನ್ನು ವಾರವಾರವೂ ಅಳೆದ ರಾಜಕೀಯ ವಿಜ್ಞಾನಿಗಳಾದ ಜಾನ್ ಸೈಡ್ಸ್ ಮತ್ತು ಲಿನ್ ವಾವ್ರೆಕ್, ಆ ವಿಡಿಯೊ ಮತದಾರರನ್ನು ಹೆಚ್ಚೇನೂ ಕದಲಿಸಲಿಲ್ಲ ಎಂದು ತೋರಿಸಿದ್ದಾರೆ. ಧ್ರುವೀಕರಣಗೊಂಡ ಸಮಾಜದಲ್ಲಿ ಕದಲಲು ಸಿದ್ಧರಿರುವವರೇ ಕಡಿಮೆ.

ಮಾತು ಪ್ರಮಾದವಾಗುವುದು ಆಡಿದ ಗಳಿಗೆಯಲ್ಲಿ ಅಲ್ಲ ಎಂಬುದೂ ತಿಳಿದಿರಬೇಕು. 1976ರ ಅಕ್ಟೋಬರ್ 6ರಂದು ಜಿಮ್ಮಿ ಕಾರ್ಟರ್ ಜೊತೆಗಿನ ಟಿವಿ ಚರ್ಚೆಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಎಂದರು. ಚರ್ಚೆ ಮುಗಿದ ತಕ್ಷಣ ಕೇಳಿದಾಗ ಫೋರ್ಡ್ ಗೆದ್ದರು ಎಂದವರೇ ಹೆಚ್ಚು. ಒಂದು ದಿನವಿಡೀ ಪತ್ರಿಕೆ, ಟಿವಿಗಳು ಆ ತಪ್ಪನ್ನೇ ಹೇಳಿದ ಮೇಲೆ ಕಾರ್ಟರ್ ಗೆದ್ದರು ಎನ್ನುವವರ ಸಂಖ್ಯೆ ಭಾರಿಯಾಗಿ ಏರಿತು. ಫೋರ್ಡ್ ತಪ್ಪು ಒಪ್ಪಿಕೊಳ್ಳದೆ ಹಲವು ದಿನ ಎಳೆದರು, ಅಷ್ಟು ದಿನವೂ ಅದೇ ಸುದ್ದಿಯಾಗಿತ್ತು. ಇಂದು ಆ ಒಂದು ದಿನದ ಕೆಲಸವನ್ನು ಪಕ್ಷಗಳ ವಾರ್ ರೂಮ್‌ಗಳು ಅರ್ಧ ಗಂಟೆಯಲ್ಲಿ ಮುಗಿಸುತ್ತವೆ. ಆದ್ದರಿಂದ ತುಣುಕೊಂದು ವಾಟ್ಸಾಪ್‌ಗೆ ಬಂದಾಗ ಹಿಂದಿನ, ಮುಂದಿನ ಎರಡು ನಿಮಿಷದ ಭಾಷಣ ಹುಡುಕಿ ಕೇಳಿ, ದಿನಾಂಕ ನೋಡಿ, ಆಡಿದವರು ಕಣದಲ್ಲಿದ್ದಾರೆಯೇ, ಆ ಮಾತನ್ನು ನಿಜ ಮಾಡುವ ಅಧಿಕಾರ ಅವರ ಪಕ್ಷಕ್ಕೆ ಸಿಗಲಿದೆಯೇ ಎಂದು ಕೇಳಿಕೊಳ್ಳಿ. ಫಲಿತಾಂಶದ ನಂತರ ಯಾರಾದರೂ ಇಂಥ ಮಾತಿನಿಂದಲೇ ಸೋತರು ಎಂದರೆ ಹಿಂದಿನ ಚುನಾವಣೆಯ ಸ್ಥಾನ, ಮತಪ್ರಮಾಣ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಮತಪೆಟ್ಟಿಗೆಯ ಹೊರಗೂ ಮಾತಿಗೆ ಬೆಲೆ ತೆರಬೇಕಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಚುನಾವಣಾ ಆಯೋಗ ಯೋಗಿ ಆದಿತ್ಯನಾಥರನ್ನು 72 ಗಂಟೆ, ಮಾಯಾವತಿಯವರನ್ನು 48 ಗಂಟೆ ಪ್ರಚಾರದಿಂದ ದೂರವಿಟ್ಟಿತು. ಅದೇ ತಿಂಗಳ 13ರಂದು ಕೋಲಾರದ ಸಭೆಯಲ್ಲಿ ರಾಹುಲ್, ಕಳ್ಳರೆಲ್ಲರ ಹೆಸರಲ್ಲೂ ಮೋದಿ ಎಂದೇ ಏಕಿರುತ್ತದೆ ಎಂದು ಕೇಳಿದರು. ಗುಜರಾತಿನ ಶಾಸಕ ಪೂರ್ಣೇಶ್ ಮೋದಿ ಮಾನನಷ್ಟದ ದೂರು ಕೊಟ್ಟರು. 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ರಾಹುಲ್‌ಗೆ ಎರಡು ವರ್ಷ ಶಿಕ್ಷೆ ವಿಧಿಸಿತು, ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಜನಪ್ರತಿನಿಧಿ ಕಾಯ್ದೆಯ 8(3)ನೇ ಕಲಮಿನ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ. ಮಾನನಷ್ಟಕ್ಕೆ ಇರುವ ಗರಿಷ್ಠ ಶಿಕ್ಷೆಯೂ ಎರಡೇ ವರ್ಷ. ಒಂದು ದಿನ ಕಡಿಮೆಯಾಗಿದ್ದರೂ ಸ್ಥಾನ ಉಳಿಯುತ್ತಿತ್ತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, 7ರಂದು ಸದಸ್ಯತ್ವ ಮರಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನನಷ್ಟಕ್ಕೆ ಸಮುದಾಯ ಸೇವೆಯ ಆಯ್ಕೆಯನ್ನು ಸೇರಿಸಿದೆ, ಎರಡು ವರ್ಷದ ಮಿತಿಯನ್ನು ಹಾಗೆಯೇ ಇಟ್ಟಿದೆ.