ಡಿಬಗ್ಗರ್ ತಡಮಾಡುವುದೇಕೆ?

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಪ್ರೋಗ್ರಾಮಿನಲ್ಲಿ ತಪ್ಪು ನುಸುಳುವುದು ಸಹಜ. ಬೇಕಾದ ಸಾಲಿನಲ್ಲಿ ಅದನ್ನು ತಡೆದು ನಿಲ್ಲಿಸಿ, ಆ ಕ್ಷಣದಲ್ಲಿ ಯಾವ ಹೆಸರಿಗೆ ಯಾವ ಬೆಲೆ ಇದೆಯೆಂದು ತೋರಿಸುವ ಸಾಧನವೇ ಡಿಬಗ್ಗರ್. ಪೈಥಾನ್ ಭಾಷೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಬಲ್ಲರು, ಬಳಸುವವರು ಕಡಿಮೆ. ಕಾರಣ ಕೇಳಿದರೆ, ‘ಅದು ಏಳುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತದೆ’ ಎನ್ನುವರು. ಮಾತಿನಲ್ಲಿ ಉತ್ಪ್ರೇಕ್ಷೆಯಿದೆ, ಆದರೆ ಪೂರ್ತಿ ಸುಳ್ಳಲ್ಲ. ಬೇಸತ್ತು ಡಿಬಗ್ಗರನ್ನು ಬಿಟ್ಟವರು ಸಾಲುಸಾಲಿಗೂ ‘ಪ್ರಿಂಟ್’ ತುರುಕುತ್ತ, ಊಹೆಯಿಂದಲೇ ತಪ್ಪು ಹುಡುಕುವ ಅಭ್ಯಾಸಕ್ಕೆ ಬೀಳುತ್ತಾರೆ. ಆದುದರಿಂದ ಈ ವಿಳಂಬವು ಎಲ್ಲಿ ಹುಟ್ಟುತ್ತದೆಂಬುದನ್ನು ವಿಚಾರಮಾಡೋಣ.

ತಾಂಬರದಿಂದ ಬೀಚ್ ನಿಲ್ದಾಣಕ್ಕೆ 1931ರಿಂದ ವಿದ್ಯುತ್ ರೈಲು ಓಡುತ್ತಿದೆಯಷ್ಟೆ. ಲೋಕಲ್ ರೈಲು ಸ್ಯಾನಿಟೋರಿಯಂ, ಕ್ರೋಂಪೇಟ್, ಪಲ್ಲಾವರಂ ಎಂದು ಎಲ್ಲೆಡೆಯೂ ನಿಲ್ಲುತ್ತದೆ. ದೂರದ ಊರಿನ ರೈಲು ಈ ಸಣ್ಣ ನಿಲ್ದಾಣಗಳನ್ನು ದಾಟಿ ಓಡುತ್ತದೆ. ಲೋಕಲಿನ ಕಾಲವೆಲ್ಲ ನಿಲುಗಡೆಗಳಲ್ಲಿ ಕಳೆಯುತ್ತದೆ. ಡಿಬಗ್ಗರ್ ಮಾಡುವುದೂ ಇದನ್ನೇ. ಪೈಥಾನಿನಲ್ಲಿ ‘ಸೆಟ್‌ಟ್ರೇಸ್’ ಎಂಬ ವ್ಯವಸ್ಥೆಯುಂಟು. ಅದರ ಮೂಲಕ ಡಿಬಗ್ಗರ್ ತನ್ನದೊಂದು ಫಂಕ್ಷನ್ನನ್ನು ಕಾವಲಿಗಿಡುತ್ತದೆ. ಬಳಿಕ ಪ್ರೋಗ್ರಾಂ ಯಾವ ಫಂಕ್ಷನ್ನಿನೊಳಗೆ ಕಾಲಿಟ್ಟರೂ ಪೈಥಾನ್ ಈ ಕಾವಲುಗಾರನನ್ನು ಕರೆಯುತ್ತದೆ; ಅವನು ಬಯಸಿದರೆ ಒಳಗಿನ ಸಾಲುಸಾಲಿಗೂ ಕರೆಯುತ್ತದೆ. ‘ಇಲ್ಲಿ ನಿಲ್ಲಬೇಕೆ?’ ‘ಬೇಡ.’ ಮತ್ತೆ ‘ಇಲ್ಲಿ?’ ‘ಬೇಡ.’ ಹತ್ತುವವರಿಲ್ಲ, ಇಳಿಯುವವರಿಲ್ಲ. ರೈಲು ಮಾತ್ರ ನಿಂತೇ ನಿಲ್ಲುತ್ತದೆ.

‘ನಾನು ಬರೆದುದು ಇಪ್ಪತ್ತೇ ಸಾಲು’ ಎಂದು ನೀವು ಆಕ್ಷೇಪಿಸಬಹುದು. ಆದರೆ ಮೊದಲನೆಯ ಸಾಲಿನಲ್ಲಿ ‘ಇಂಪೋರ್ಟ್ ಪಾಂಡಾಸ್’ ಎಂದು ಬರೆದಿದ್ದರೆ, ಅದರ ಬೆನ್ನಿಗೆ ನೂರಾರು ಮಾಡ್ಯೂಲುಗಳು ತೆರೆದುಕೊಳ್ಳುತ್ತವೆ. ಅವುಗಳೊಳಗಿನ ಪೈಥಾನ್ ಫಂಕ್ಷನ್ನುಗಳ ಕರೆಗಳೆಲ್ಲವೂ ಕಾವಲುಗಾರನ ಮುಂದೆಯೇ ಹಾಯಬೇಕು. ಆರಂಭವೇ ಅತಿ ನಿಧಾನವಾಗುವುದರ ಗುಟ್ಟು ಇದು.

ಪರಿಹಾರಕ್ಕೆ ಮೊದಲು ಪರೀಕ್ಷೆ. ಏನನ್ನೂ ಇಂಪೋರ್ಟ್ ಮಾಡದ ಒಂದೇ ಸಾಲಿನ ಪ್ರೋಗ್ರಾಮನ್ನು ಬರೆದು ಡಿಬಗ್ಗರಿನಲ್ಲಿ ಓಡಿಸಿ, ಗಡಿಯಾರ ನೋಡಿರಿ. ಅದೂ ತಡವಾದರೆ ನಿಮ್ಮ ಪ್ರೋಗ್ರಾಂ ನಿರಪರಾಧಿ. ಬರೆಯುವ ಪರಿಸರವೂ ಡಿಬಗ್ಗರೂ ಒಂದೇ ಯಂತ್ರದೊಳಗಿದ್ದರೂ ಸಾಮಾನ್ಯವಾಗಿ ಜಾಲದ ಮಾರ್ಗದಿಂದಲೇ ಪರಸ್ಪರ ಮಾತಾಡುತ್ತವೆ. ಫೈರ್‌ವಾಲ್ ಆ ಮಾತಿಗೆ ಅಡ್ಡಬರಬಹುದು. ಆಂಟಿವೈರಸ್ ಒಂದೊಂದು ಕಡತವನ್ನೂ ತಡೆದು ಶೋಧಿಸುತ್ತಿರಬಹುದು. ಆಂಟಿವೈರಸ್ಸನ್ನೇ ಕಿತ್ತೊಗೆಯುವ ಸಾಹಸ ಬೇಡ. ಪ್ರಯೋಗಶಾಲೆಯ ಉಪಾಧ್ಯಾಯರಿಗೆ ತಿಳಿಸಿದರೆ ಸಾಕು.

ಒಂದು ಸಾಲಿನದು ಬೇಗನೆ ಓಡಿ, ನಿಮ್ಮ ಪ್ರೋಗ್ರಾಂ ಡಿಬಗ್ಗರಿಲ್ಲದೆಯೂ ತಡಮಾಡಿದರೆ, ಇಂಪೋರ್ಟುಗಳನ್ನು ಸಂಶಯಿಸಬೇಕು. 2018ರಲ್ಲಿ ಬಂದ ಪೈಥಾನ್ 3.7ರಿಂದ ಇದಕ್ಕೊಂದು ಸುಲಭೋಪಾಯವಿದೆ. ‘ಪೈಥಾನ್’ ಎಂಬ ಆಜ್ಞೆಯ ಮುಂದೆ ಅಡ್ಡಗೆರೆ, ದೊಡ್ಡಕ್ಷರದ ಎಕ್ಸ್, ಅನಂತರ ‘ಇಂಪೋರ್ಟ್‌ಟೈಮ್’ ಎಂದು ಬರೆದು ಕಡತದ ಹೆಸರನ್ನು ಕೊಟ್ಟರೆ, ಪ್ರತಿಯೊಂದು ಮಾಡ್ಯೂಲೂ ತಾನೇ ತೆಗೆದುಕೊಂಡ ಕಾಲವನ್ನೂ ತನ್ನ ಬಳಗವನ್ನು ಕೂಡಿಸಿಕೊಂಡ ಕಾಲವನ್ನೂ ಮೈಕ್ರೋಸೆಕೆಂಡುಗಳಲ್ಲಿ ಅಚ್ಚುಹಾಕುತ್ತದೆ. ಎಂದೋ ಬರೆದು ಮರೆತ, ಈಗ ಉಪಯೋಗವಿಲ್ಲದ ಇಂಪೋರ್ಟ್ ಆ ಪಟ್ಟಿಯಲ್ಲಿ ಎದ್ದುಕಾಣುವುದುಂಟು.

ಡಿಬಗ್ಗರ್ ಸೇರಿದಾಗ ಮಾತ್ರ ತಡವಾದರೆ ದೋಷವು ನಿಲುಗಡೆಗಳದು. ಪೈಚಾರ್ಮ್, ವಿಎಸ್ ಕೋಡ್ ಎರಡರ ಡಿಬಗ್ಗರಿಗೂ ಮೂಲ ಪೈಡೆವ್‌ಡಿ ಎಂಬುದೇ. ಅದರ ಕಾವಲುಗಾರನನ್ನು ಸೈಥಾನ್ ಮೂಲಕ ಸಿ ಭಾಷೆಗಿಳಿಸಿದ ರೂಪ ಬಹಳ ಚುರುಕು. ಆ ರೂಪ ಸಿಗದಿದ್ದರೆ ಪೈಚಾರ್ಮ್ ಆರಂಭದಲ್ಲಿಯೇ ಎಚ್ಚರಿಕೆ ಕೊಡುತ್ತದೆ. ಅದನ್ನು ಕಟ್ಟಿಕೊಳ್ಳುವ ಆಜ್ಞೆಯೂ ಅಲ್ಲಿಯೇ ಇರುತ್ತದೆ. ಓದುವವರೆಷ್ಟು ಮಂದಿ! ಇನ್ನೊಂದು: ‘ಎಸೆಯಲ್ಪಟ್ಟ ಪ್ರತಿ ಎಕ್ಸೆಪ್ಶನ್ನಿಗೂ ನಿಲ್ಲು’ ಎಂಬ ಗುರುತನ್ನು ಹಾಕಿಟ್ಟಿದ್ದರೆ ತೆಗೆಯಿರಿ. ಗ್ರಂಥಾಲಯದ ಮಾಡ್ಯೂಲುಗಳು ತಮ್ಮೊಳಗೇ ಎಕ್ಸೆಪ್ಶನ್ನುಗಳನ್ನೆಸೆದು ತಾವೇ ಹಿಡಿದುಕೊಳ್ಳುವುದು ವಾಡಿಕೆ. ವಿಎಸ್ ಕೋಡಿನಲ್ಲಿ ‘ನನ್ನ ಕೋಡ್ ಮಾತ್ರ’ ಎಂಬ ಏರ್ಪಾಡು ಮೊದಲಿನಿಂದಲೇ ಇರುತ್ತದೆ. ಕಾರಣವಿಲ್ಲದೆ ಅದನ್ನು ಕೆಡಿಸಬಾರದು.

ಮೂಲದ ತೊಡಕಿಗೇ ಮದ್ದು ದೊರೆತದ್ದು 2023ರ ಅಕ್ಟೋಬರಿನಲ್ಲಿ, ಪೈಥಾನ್ 3.12ರೊಡನೆ. ಅದರ ‘ಮಾನಿಟರಿಂಗ್’ ವ್ಯವಸ್ಥೆಯಲ್ಲಿ ಡಿಬಗ್ಗರ್ ತನಗೆ ಬೇಕಾದ ನಿಲ್ದಾಣವನ್ನು ಮಾತ್ರ ಹೆಸರಿಸಬಹುದು. ಉಳಿದೆಡೆ ಪ್ರೋಗ್ರಾಂ ಹೆಚ್ಚುಕಡಿಮೆ ತನ್ನ ಸಹಜ ವೇಗದಲ್ಲಿ ಓಡುತ್ತದೆ. ಆದರೆ ಪೈಥಾನ್ ಹೊಸದಾದರೆ ಸಾಲದು, ಆ ವ್ಯವಸ್ಥೆಯನ್ನು ಬಳಸಬಲ್ಲ ಹೊಸ ಡಿಬಗ್ಗರೂ ಬೇಕು. ನಿಮ್ಮ ಯಂತ್ರದಲ್ಲಿರುವ ಪೈಥಾನ್ ಯಾವುದೆಂದು ತಿಳಿಯಲು ‘ಪೈಥಾನ್’ ಎಂದು ಬರೆದು, ಎರಡು ಅಡ್ಡಗೆರೆಗಳ ನಂತರ ‘ವರ್ಷನ್’ ಎಂದು ಕೇಳಿರಿ. ಅದು ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತದೆ.