ಪೂರ್ವಪಕ್ಷದ ಮನೋವಿಜ್ಞಾನ

ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬಹಳ ಹಳೆಯದು. ಅದನ್ನೇ ಪೂರ್ವಪಕ್ಷ ಎನ್ನುತ್ತಾರೆ. ಗೌತಮನ ನ್ಯಾಯಸೂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸತ್ಯವನ್ನು ಅರಸುವ ವಾದ, ಗೆಲುವನ್ನಷ್ಟೇ ಬಯಸುವ ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನದನ್ನು ಕೆಡವುವ ವಿತಂಡ ಎಂದು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಪಕ್ಷರಾಜಕಾರಣದ ಬಹುಪಾಲು ಮಾತು ಕೊನೆಯ ಎರಡರಲ್ಲೇ ಮುಗಿದುಹೋಗುವುದಕ್ಕೆ ಮಾತನಾಡುವವರ ದುರುದ್ದೇಶವೇ ಕಾರಣವೆಂದು ತೋರಬಹುದು. ಆದರೆ ಪ್ರಾಮಾಣಿಕ ಮನಸ್ಸು ಕೂಡ ಇಲ್ಲಿ ಎಡವುತ್ತದೆ ಎಂಬುದು ಮನೋವಿಜ್ಞಾನದ ಪ್ರಯೋಗಗಳು ತೋರಿಸಿದ ಸಂಗತಿ.

1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲಾರ್ಡ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್, ಮರಣದಂಡನೆಯನ್ನು ಬೆಂಬಲಿಸುವ 24 ಹಾಗೂ ವಿರೋಧಿಸುವ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳ ವರದಿಯನ್ನು ಓದಲು ಕೊಟ್ಟರು. ಮರಣದಂಡನೆಯಿಂದ ಕೊಲೆಗಳು ಕಡಿಮೆಯಾಗುತ್ತವೆ ಎಂದು ಒಂದು ವರದಿ ಹೇಳಿದರೆ, ಇಲ್ಲ ಎಂದು ಇನ್ನೊಂದು ಹೇಳುತ್ತಿತ್ತು. ಎರಡೂ ಪ್ರಯೋಗಕ್ಕಾಗಿಯೇ ಹೆಣೆದವು. ಎರಡು ಬಣದವರೂ ತಮಗೆ ಹಿತವಾದ ವರದಿಯ ವಿಧಾನವನ್ನು ಮೆಚ್ಚಿ, ಅಹಿತವಾದದ್ದರಲ್ಲಿ ಸೂಕ್ಷ್ಮ ದೋಷಗಳನ್ನು ಹುಡುಕಿದರು. ಒಂದೇ ಪುರಾವೆಯನ್ನು ಓದಿ ಮುಗಿಸಿದ ಮೇಲೆ ತಮ್ಮ ನಂಬಿಕೆ ಇನ್ನಷ್ಟು ಗಟ್ಟಿಯಾಯಿತೆಂದು ಇಬ್ಬರೂ ಹೇಳಿದರು. ಪಕ್ಷಪಾತಿ ಗ್ರಹಿಕೆ ಎಂದು ಕರೆಯಬಹುದಾದ ಈ ಪ್ರವೃತ್ತಿಯಲ್ಲಿ ಸುಳ್ಳಿಗೆ ಪಾತ್ರವಿಲ್ಲ. ಅಹಿತವಾದದ್ದನ್ನು ಮನಸ್ಸು ನಿಜವಾಗಿಯೂ ಹೆಚ್ಚು ಎಚ್ಚರದಿಂದ ಓದುತ್ತದೆ. ಹಿತವಾದದ್ದಕ್ಕೆ ಆ ಎಚ್ಚರವನ್ನು ಕೊಡುವುದಿಲ್ಲ, ಅಷ್ಟೇ. ನಂಬಿಕೆ ಗಟ್ಟಿಯಾಗುವುದು ಓದಿದವರ ಸ್ವಂತ ಹೇಳಿಕೆಯಲ್ಲಿ ಕಂಡಷ್ಟು ನೇರ ಅಳತೆಯಲ್ಲಿ ಕಾಣುವುದಿಲ್ಲ ಎಂದು ಅನಂತರದ ಸಂಶೋಧಕರು ಆಕ್ಷೇಪಿಸಿದ್ದಾರೆ, ಆ ಆಕ್ಷೇಪಕ್ಕೆ ತೂಕವಿದೆ. ಪುರಾವೆಯನ್ನು ಅಸಮವಾಗಿ ತೂಗುವ ಮೊದಲ ಅಂಶ ಮಾತ್ರ ಮತ್ತೆ ಮತ್ತೆ ಕಂಡುಬಂದಿದೆ.

ಐದು ವರ್ಷಗಳ ಬಳಿಕ, 1984ರಲ್ಲಿ, ಲಾರ್ಡ್ ಮತ್ತು ಲೆಪ್ಪರ್ ಎಲಿಜಬೆತ್ ಪ್ರೆಸ್ಟನ್ ಜೊತೆಗೂಡಿ ಇದಕ್ಕೆ ಪರಿಹಾರ ಹುಡುಕಿದರು. ನ್ಯಾಯಾಧೀಶರಂತೆ ನಿಷ್ಪಕ್ಷಪಾತವಾಗಿ ಓದಿ ಎಂದು ಒಂದು ಗುಂಪಿಗೆ ಹೇಳಲಾಯಿತು. ಇನ್ನೊಂದು ಗುಂಪಿಗೆ ಕೊಟ್ಟದ್ದು ಉಪದೇಶವಲ್ಲ, ಒಂದು ಪ್ರಶ್ನೆ: ಇದೇ ಅಧ್ಯಯನ, ಇದೇ ವಿಧಾನ, ಫಲಿತಾಂಶ ಮಾತ್ರ ತಿರುಗುಮುರುಗಾಗಿದ್ದರೆ ಇದೇ ಅಂಕ ಕೊಡುತ್ತಿದ್ದೆನೇ? ಉಪದೇಶ ಕೇಳಿದವರು ಏನನ್ನೂ ಕೇಳದವರಷ್ಟೇ ಪಕ್ಷಪಾತಿಗಳಾಗಿ ಉಳಿದರು. ಪ್ರಶ್ನೆ ಕೇಳಿಕೊಂಡವರಲ್ಲಿ ಆ ವಾಲುವಿಕೆ ಸರಿಹೋಯಿತು. ನಿಷ್ಪಕ್ಷಪಾತವಾಗಿರಬೇಕೆಂಬ ಸಂಕಲ್ಪದಿಂದ ಆಗದ ಕೆಲಸ ಒಂದು ಸಣ್ಣ ವಿಧಾನದಿಂದ ಆಯಿತೆಂಬುದು ಈ ಕ್ಷೇತ್ರದ ಅತ್ಯಂತ ಬೆಲೆಯುಳ್ಳ ಶೋಧಗಳಲ್ಲಿ ಒಂದೆಂದು ನನ್ನ ಎಣಿಕೆ.

ಗಡಿಯಾಚೆಯ ಹಿಂದೂಪುರದಲ್ಲಿ ಈ ವಿಧಾನವನ್ನು ಪರೀಕ್ಷಿಸಬಹುದಾದ ವಿವಾದವೊಂದು 2022ರಲ್ಲಿ ಎದ್ದಿತು. ಆಂಧ್ರಪ್ರದೇಶದ 13 ಜಿಲ್ಲೆಗಳು ಆ ವರ್ಷದ ಏಪ್ರಿಲ್ 4ರಂದು 26 ಆದಾಗ, ಅನಂತಪುರದಿಂದ ಬೇರ್ಪಟ್ಟ ಶ್ರೀ ಸತ್ಯಸಾಯಿ ಜಿಲ್ಲೆಗೆ ಪುಟ್ಟಪರ್ತಿ ಕೇಂದ್ರವಾಯಿತು. ಅದು ಹಿಂದೂಪುರವೇ ಆಗಬೇಕೆಂದು ಆಗಿನ ವಿರೋಧಪಕ್ಷ ತೆಲುಗುದೇಶಂನ ಸ್ಥಳೀಯ ಶಾಸಕ ನಂದಮೂರಿ ಬಾಲಕೃಷ್ಣ ಮೌನದೀಕ್ಷೆಗೆ ಕುಳಿತಿದ್ದರು. ಅವರ ಪಕ್ಷದ ವಾದ ಬಲವಾದದ್ದೇ: ಲೋಕಸಭಾ ಕ್ಷೇತ್ರಕ್ಕೊಂದು ಜಿಲ್ಲೆ ಎಂಬುದು ಸರ್ಕಾರದ ಸೂತ್ರವಾದರೆ ಆ ಕ್ಷೇತ್ರದ ಹೆಸರೇ ಹಿಂದೂಪುರ, 2011ರ ಜನಗಣತಿಯಲ್ಲೇ ಒಂದೂವರೆ ಲಕ್ಷ ಜನರಿದ್ದ ಪಟ್ಟಣ, ರೈಲು, ಕೈಗಾರಿಕೆ, ಹುಣಸೆಹಣ್ಣು ಮತ್ತು ರೇಷ್ಮೆಗೂಡಿನ ಮಾರುಕಟ್ಟೆ ಎಲ್ಲವೂ ಅಲ್ಲಿವೆ. ಎದುರು ವಾದವನ್ನು ‘ದೇವಸ್ಥಾನದ ಊರಿಗೆ ಕಚೇರಿ ಏಕೆ’ ಎಂದು ಕುಗ್ಗಿಸಿ ತಳ್ಳಿಹಾಕುವುದು ಸುಲಭ. ಅದರ ಪೂರ್ಣರೂಪ ಬೇರೆ. ಹಿಂದೂಪುರ ಜಿಲ್ಲೆಯ ನೈಋತ್ಯ ಮೂಲೆಯಲ್ಲಿ, ಗೌರಿಬಿದನೂರಿನ ಮಗ್ಗುಲಲ್ಲಿದೆ. ಕದಿರಿಯಾಚೆಯ ಹಳ್ಳಿಯಿಂದ ಪಹಣಿ ತಿದ್ದಿಸಲು ಹೊರಟ ರೈತನಿಗೆ ಪುಟ್ಟಪರ್ತಿ ಹತ್ತಿರ, ಹಿಂದೂಪುರ ಇಡೀ ದಿನದ ಕೆಲಸ. ಹಿಂದೂಪುರದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ದೊಡ್ಡ ಪಟ್ಟಣ ಕದಿರಿಯಾಗಿದ್ದು, ನಡುವಿನ ಊರು ಹಿಂದೂಪುರವಾಗಿದ್ದರೆ, ಜನಸಂಖ್ಯೆಯೇ ಮುಖ್ಯ ಎಂಬ ಮಾತು ನಿಲ್ಲುತ್ತಿತ್ತೇ? ಆಳುವ ಪಕ್ಷಕ್ಕೂ ಅಷ್ಟೇ ಕಠಿಣವಾದ ಪ್ರಶ್ನೆ ಇತ್ತು: ನಡುವಿನ ಊರೇ ಮುಖ್ಯವೆಂಬ ನಿಯಮವನ್ನು ಉಳಿದ ಜಿಲ್ಲೆಗಳಿಗೂ ಹಾಗೆಯೇ ಅನ್ವಯಿಸಲಾಗಿದೆಯೇ?

ಅನಂತಪುರ ಜಿಲ್ಲೆಯಲ್ಲೇ ಉಳಿದ ಕಲ್ಯಾಣದುರ್ಗದಲ್ಲಿ ವಿವಾದ ನೀರಿನದು, ಅಲ್ಲಿ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಆ ಭಾಗದ ಆಸರೆಯಾದ ಭೈರವಾನಿತಿಪ್ಪ ಜಲಾಶಯ ವೇದಾವತಿಯ ಮೇಲಿದೆ. ಅದೇ ನದಿಗೆ ಮೇಲ್ಭಾಗದಲ್ಲಿ ಮೈಸೂರು ಸಂಸ್ಥಾನ 1907ರಲ್ಲಿ ಮಾರಿಕಣಿವೆ ಅಣೆಕಟ್ಟನ್ನು ಕಟ್ಟಿ ಮುಗಿಸಿತ್ತು. ಕರ್ನಾಟಕದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿದಾಗ, ಮೇಲಿನವರು ಎತ್ತಿಕೊಂಡರೆ ಕೆಳಗಿನವರ ಗತಿಯೇನು ಎಂಬ ಕೂಗು ಆಂಧ್ರದಲ್ಲಿ ಎದ್ದಿತು. ಆದರೆ ಅನಂತಪುರಕ್ಕೆ ನೀರು ತರುವ ಹಂದ್ರಿ–ನೀವಾ ಕಾಲುವೆ, ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಎತ್ತಿ ಪೆನ್ನಾ ಕಣಿವೆಗೂ ಒಯ್ಯುತ್ತದೆ. ಕೃಷ್ಣೆಯ ನೀರು ಕಣಿವೆ ದಾಟುವುದಕ್ಕೆ ತೆಲಂಗಾಣದ ಆಕ್ಷೇಪವಿದೆ. ಮಳೆಯಿಲ್ಲದ ನೆಲಕ್ಕೆ ದೂರದ ನದಿಯ ಮೇಲೆ ಹಕ್ಕಿದೆ ಎಂಬ ನ್ಯಾಯ ಕಲ್ಯಾಣದುರ್ಗಕ್ಕೆ ಸಲ್ಲುವುದಾದರೆ ಭದ್ರಾ ಮೇಲ್ದಂಡೆಯ ನೀರಿಗೆ ಕಾದಿರುವ ಚಿತ್ರದುರ್ಗಕ್ಕೂ ಸಲ್ಲಬೇಕು. ಕೆಳಹರಿವಿನ ಹಕ್ಕು ಮೊದಲು ಎಂದು ಚಿತ್ರದುರ್ಗ ಒಪ್ಪದಿದ್ದರೆ, ಕಾವೇರಿಯ ವಿಷಯದಲ್ಲಿ ತಮಿಳುನಾಡು ಏನು ಹೇಳುತ್ತದೆ ಎಂಬುದನ್ನು ಕರ್ನಾಟಕವೂ ತಾಳ್ಮೆಯಿಂದ ಕೇಳಬೇಕಾಗುತ್ತದೆ. ಹೀಗೆ ತಿರುಗಿಸಿ ನೋಡಿದ ಮಾತ್ರಕ್ಕೆ ವ್ಯಾಜ್ಯ ಬಗೆಹರಿಯುವುದಿಲ್ಲ. ಆದರೆ ನಿಜವಾದ ಭಿನ್ನಾಭಿಪ್ರಾಯ ತತ್ತ್ವದಲ್ಲಿಲ್ಲ, ಎಷ್ಟು ನೀರು, ಯಾವ ತಿಂಗಳಲ್ಲಿ ಎಂಬ ಲೆಕ್ಕದಲ್ಲಿದೆ ಎಂದು ತಿಳಿಯುತ್ತದೆ, ಮತ್ತು ಲೆಕ್ಕವನ್ನು ಅಳೆಯಲು ಸಾಧ್ಯ.

ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಈ ಪ್ರಶ್ನೆ ಮಾಡುವ ಕೆಲಸವನ್ನು ಸಭೆಯಲ್ಲಿ ನಿಯಮವೂ ಅದನ್ನು ಕಾಯುವ ಅಧ್ಯಕ್ಷರೂ ಮಾಡಬೇಕು. 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಆರಿಸಿಬಂದ ನೀಲಂ ಸಂಜೀವ ರೆಡ್ಡಿ ಆ ವರ್ಷದ ಮಾರ್ಚ್ 17ರಂದು ಸಭಾಧ್ಯಕ್ಷರಾದರು. ಆದ ಮೇಲೆ ತಮ್ಮ ಕಾಂಗ್ರೆಸ್ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ರಾಷ್ಟ್ರಪತಿಗಳು ಜಂಟಿ ಅಧಿವೇಶನವನ್ನು ಉದ್ದೇಶಿಸಿ ಮಾತನಾಡಿದ ದಿನವೇ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯವನ್ನು ಚರ್ಚೆಗೆ ಸ್ವೀಕರಿಸಿದ್ದು ಅವರ ಅವಧಿಯಲ್ಲೇ. ವಿರೋಧವನ್ನು ಅವರು ಮನೆಯೊಳಗೇ ಕಂಡಿದ್ದವರು: 1952ರಲ್ಲಿ ಅನಂತಪುರದಲ್ಲಿ ಅವರನ್ನು ಸೋಲಿಸಿದ ಕಮ್ಯುನಿಸ್ಟ್ ನಾಯಕ ತರಿಮೆಲ ನಾಗಿರೆಡ್ಡಿ, ಸಂಜೀವ ರೆಡ್ಡಿಯವರ ಪತ್ನಿಯ ಸೋದರ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ, ಸಭಾಧ್ಯಕ್ಷರು ಸಂಜೀವ ರೆಡ್ಡಿಯವರಂತೆ ಪಕ್ಷ ತೊರೆದರೆ ಅನರ್ಹತೆ ತಟ್ಟದಂತೆ ವಿನಾಯಿತಿ ಕೊಟ್ಟಿದೆ. ಅದನ್ನು ಬಳಸಿಕೊಂಡವರು ವಿರಳ.