ಕಂಡಿಕೆ ಸುತ್ತಿದ ಕೈಗೆ ಬೇರೆ ಕೆಲಸ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದಿಗೇನೂ ಬರವಿಲ್ಲ. ಆದರೆ ಈಗ ಕೇಳುವುದು ಹೆಚ್ಚಾಗಿ ಕರೆಂಟಿನ ಮಗ್ಗದ ಸದ್ದು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಆಡಿಸುತ್ತಿದ್ದ ಕೈಮಗ್ಗಗಳು ಎಷ್ಟೋ ಮನೆಗಳಿಂದ ಎದ್ದುಹೋಗಿವೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯಿದೆ ಬಂತು. ಅದರಿಂದಲೂ ಈ ಬದಲಾವಣೆ ನಿಲ್ಲಲಿಲ್ಲ. ಮುಂದೆ 2020ರ ಲಾಕ್‌ಡೌನಿನಲ್ಲಿ ಕರೆಂಟಿನ ಮಗ್ಗಗಳೂ ಸುಮ್ಮನಾದಾಗ, ಮಗ್ಗವೊಂದನ್ನೇ ನಂಬಿ ಸಂಸಾರ ನಡೆಸುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿಯಿತು.

ಮಗ್ಗ ಹೋದಾಗ ಕೆಲಸ ಕಳೆದುಕೊಂಡವರು ಗಂಡಸರು ಎಂದು ಜನ ಮಾತಾಡಿಕೊಳ್ಳುತ್ತಾರೆ. ಹೆಂಗಸರ ಕೆಲಸವೂ ಹೋಯಿತಲ್ಲ! ಕಂಡಿಕೆ ಸುತ್ತಿದವರು ಯಾರು, ಎಳೆ ಕಡಿದಾಗ ಹುಡುಕಿ ಗಂಟು ಹಾಕಿದವರು ಯಾರು? 2019-20ರ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರೇ. ಆದರೂ ಮನೆಯಲ್ಲಿ ಕೇಳಿದರೆ, "ಆಕಿ ಏನೂ ಮಾಡಂಗಿಲ್ರೀ, ಮನ್ಯಾಗ ಇರ್ತಾಳ" ಅನ್ನುವವರೇ ಜಾಸ್ತಿ. ನನಗೆ ಸಿಟ್ಟು ಬರುವುದು ಈ ಮಾತಿಗೇ.

ಹಾಗಾದರೆ ನಲವತ್ತರ ಹೊತ್ತಿಗೆ ಹೊಸ ಕೆಲಸ ಹಿಡಿಯುವುದು ಹೇಗೆ? ಸೋದರಿಯರೇ, ಹೊಸದೆಂದರೆ ಗೊತ್ತೇ ಇಲ್ಲದ್ದು ಎಂದು ಅರ್ಥವಲ್ಲ. ಸೀರೆಯ ಅಂಚು-ಸೆರಗು ನೋಡಿ ಪಳಗಿದ ಕಣ್ಣಿಗೆ ಬಣ್ಣ ಹೊಂದಿಸುವುದನ್ನು ಯಾರೂ ಕಲಿಸಬೇಕಿಲ್ಲ. ಎಳೆ ಹಿಡಿದ ಬೆರಳಿಗೆ ಫಾಲ್ ಹಚ್ಚುವುದು, ಸೆರಗಿಗೆ ಗೊಂಡೆ ಕಟ್ಟುವುದು, ಖಣದ ಕುಪ್ಪಸ ಹೊಲಿಯುವುದು ಬೇಗ ಒಗ್ಗುತ್ತದೆ. ಬಂಡವಾಳವೂ ಕಡಿಮೆ.

ಹೊಲಿಗೆಯನ್ನೇ ಕಸುಬು ಮಾಡಿಕೊಂಡವರು ಒಂದು ಮಾತು ತಿಳಿದಿರಲಿ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಸೇರಿದೆ, ನೇಕಾರಿಕೆ ಸೇರಿಲ್ಲ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನ ಸಾಲ ಒಂದು ಲಕ್ಷದವರೆಗೆ, ಅದೂ ಶೇಕಡಾ 5ರ ಬಡ್ಡಿಗೆ. ಆದರೆ ಸೌಲಭ್ಯ ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿ ಯಾರ ಹೆಸರಿನಲ್ಲಿ ಎಂಬುದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಕೆಲಸ ನಿಮ್ಮದಾದರೆ ಹೆಸರೂ ನಿಮ್ಮದೇ ಇರಲಿ.

ಹಳ್ಳಿಯ ಸೋದರಿಯರಿಗೆ ಇನ್ನೊಂದು ದಾರಿಯುಂಟು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ ಎರಡು ಬ್ಯಾಂಕುಗಳ ಜೊತೆಗೂಡಿ ಸ್ವಉದ್ಯೋಗ ತರಬೇತಿ ಆರಂಭಿಸಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸಂಸ್ಥೆಗಳಲ್ಲಿ ಕಲಿಕೆ, ಊಟ, ವಸತಿ ಎಲ್ಲ ಉಚಿತ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ರೊಟ್ಟಿ ಬಡಿಯಲು ಬಾರದ ಹೆಣ್ಣುಮಗಳಿಲ್ಲ. ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾರಿ ಸಂಸಾರ ನಡೆಸುವವರು ಉತ್ತರ ಕರ್ನಾಟಕದಲ್ಲಿ ಬಹಳ ಮಂದಿ. ಆದರೆ "ಪಕ್ಕದ ಮನಿಯಾಕಿ ಇಷ್ಟಕ್ಕ ಕೊಡ್ತಾಳ, ನಾನೂ ಕೊಡ್ತೀನಿ" ಎಂದು ದರ ಹಾಕಬೇಡಿ. ಒಂದು ಕಿಲೋ ಹಿಟ್ಟು ಅಳೆದು, ಎಷ್ಟು ರೊಟ್ಟಿಯಾದವು ಎಣಿಸಿ. ಹಿಟ್ಟಿನ ಬೆಲೆ, ಗಿರಣಿ ಖರ್ಚು, ಗ್ಯಾಸು, ಚೀಲ, ಒಡೆದುಹೋದ ರೊಟ್ಟಿ ಎಲ್ಲ ಬರೆಯಿರಿ. ಆಮೇಲೆ ಒಲೆ ಮುಂದೆ ಕೂತ ತಾಸುಗಳಿಗೆ ಹೊಲದ ಕೂಲಿಯ ಲೆಕ್ಕದಲ್ಲಾದರೂ ದುಡ್ಡು ಸೇರಿಸಿ. ಎಷ್ಟೋ ಮಂದಿ ಬಿಡುವುದು ಇದನ್ನೇ. ಮಗ್ಗದ ಮನೆಯಲ್ಲಿ ಕಂಡಿಕೆಗೆ ಸಿಗದ ಕೂಲಿ ರೊಟ್ಟಿಯಲ್ಲೂ ಸಿಗದಿದ್ದರೆ ಕಸುಬು ಬದಲಾಗಿ ಏನು ಬಂತು?

ಆಹಾರ ಮಾರುವವರು ಆಹಾರ ಸುರಕ್ಷತಾ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಒಬ್ಬರೇ ಓಡಾಡಲು ಹಿಂಜರಿದರೆ ಸ್ತ್ರೀಶಕ್ತಿ ಗುಂಪಿನ ನಾಲ್ಕು ಮಂದಿ ಸೇರಿ ಹೋಗಿ. 2000-01ರಿಂದ ನಡೆದುಬಂದ ಈ ಗುಂಪುಗಳು ಬರೀ ಉಳಿತಾಯಕ್ಕಲ್ಲ. ಅತ್ತೆಯವರು ಏನೆನ್ನುತ್ತಾರೋ ಎಂಬ ಅಂಜಿಕೆ ಇದ್ದರೆ, ಮೊದಲ ತಿಂಗಳ ಲೆಕ್ಕದ ವಹಿಯನ್ನು ಅವರ ಕೈಗೇ ಕೊಟ್ಟು ಓದಿಸಿ. ಹಿಟ್ಟು ನಾದಲು ಅವರೇ ಬಂದು ಕೂತರೆ, ಅವರ ಕೂಲಿಯನ್ನೂ ಅದೇ ವಹಿಯಲ್ಲಿ ಬರೆಯಲು ಮರೆಯಬೇಡಿ.